ಸಮರಕಲೆಯೂ ಮೈತೂಕವೂ



ಹಿಂದೆ ತೋಟದ ಏರುತಗ್ಗುಗಳನ್ನು ನಡೆದೇ ಸುತ್ತುತ್ತಿದ್ದ ನಾವು ಇಂದು ಜೀಪು, ಬೈಕು ಹತ್ತುತ್ತೇವೆ. ಕಳೆ ಕೊಚ್ಚಲು ಯಂತ್ರ ಬಂದಿದೆ. ಊಟ ಮಾತ್ರ ಅಂದಿನಷ್ಟೇ ಇದೆ. ಹೊಟ್ಟೆ ಬೆಳೆಯದೆ ಇನ್ನೇನಾದೀತು?

ಮಕ್ಕಳೊಡನೆ ನಾವೂ ಕರಾಟೆ ಕಲಿತರೆ ತೂಕ ಇಳಿದೀತೇ? ಲೆಕ್ಕ ಹಾಕೋಣ. 70 ಕಿಲೋ ತೂಕದವರು ಕರಾಟೆ, ಜೂಡೋಗಳನ್ನು ಒಂದು ಗಂಟೆ ಬಿರುಸಾಗಿ ಸಾಧನೆ ಮಾಡಿದರೆ, ಸುಮ್ಮನೆ ಕುಳಿತಿರುವುದಕ್ಕಿಂತ ಸುಮಾರು 650 ಕ್ಯಾಲೊರಿ ಹೆಚ್ಚು ವೆಚ್ಚವಾಗುತ್ತದೆ. ಹೊಸದಾಗಿ ಕಲಿಯುವವರ ನಿಧಾನಗತಿಯಲ್ಲಿ ಸುಮಾರು 300. ಸಾಧಾರಣ ನಡಿಗೆಯಲ್ಲಿ 175ರಷ್ಟು.

ಒಂದು ಕಿಲೋ ಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ವೆಚ್ಚವಾಗಬೇಕು. ಎಂದರೆ, ಹೊಸಬರು ದಿನವೂ ಒಂದು ಗಂಟೆ ಬಿಡದೆ ಸಾಧನೆ ಮಾಡಿದರೂ ಸುಮಾರು 4 ವಾರ ಬೇಕು. ಅದೂ ಊಟ ಹೆಚ್ಚದಿದ್ದರೆ! ಸಾಧನೆಯಿಂದ ಹಸಿವೂ ಹೆಚ್ಚುತ್ತದೆ. ಮನೆಗೆ ಬಂದು ತುಪ್ಪ ಹಾಕಿದ ಎರಡು ಹೋಳಿಗೆ ತಿಂದರೆ ಆ ದಿನದ ಗಳಿಕೆ ಅಲ್ಲಿಗೇ ಮುಗಿಯಿತು.

ಗರಡಿ ಬಿಟ್ಟ ಮೇಲೂ ಹಾಲು, ತುಪ್ಪ, ಬಾದಾಮಿ ಬಿಡದ ಪೈಲ್ವಾನರಿಗೆ ಹೊಟ್ಟೆ ಬಂದುದನ್ನು ನಾವೆಲ್ಲ ಕಂಡಿದ್ದೇವೆ.

ಮಂಡಿನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಎದೆನೋವು ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಉಳಿದವರು ನಿಧಾನವಾಗಿ ಆರಂಭಿಸಲಿ. ಅಡಿಕೆ ತೂಗಲು ಬಂದಾಗ ಅದೇ ತಕ್ಕಡಿಯಲ್ಲಿ ನಾವೂ ಒಮ್ಮೆ ನಿಂತು ನೋಡೋಣ.