ಸೈರನ್ ಕೇಳದವರಿಗೂ ಸುದ್ದಿ ಮುಟ್ಟಬೇಕಲ್ಲ

2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಹಾಡಹಗಲೇ ಅರಚಿಕೊಂಡಿದ್ದು ಹಲವರಿಗೆ ನೆನಪಿರಬಹುದು. ಜತೆಗೊಂದು ಸಂದೇಶ: ಇದು ಪರೀಕ್ಷೆ ಮಾತ್ರ, ಏನೂ ಮಾಡಬೇಕಿಲ್ಲ. ವಿಪತ್ತಿನ ಮುನ್ನೆಚ್ಚರಿಕೆಗೆಂದು ಕೇಂದ್ರ ಸರ್ಕಾರ ನಡೆಸಿದ ಸೆಲ್ ಬ್ರಾಡ್‌ಕಾಸ್ಟ್ ಪ್ರಯೋಗ ಅದು. ಇದಕ್ಕೆ ನಮ್ಮ ನಂಬರ್ ಗೊತ್ತಿರಬೇಕಿಲ್ಲ. ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆ ಒಂದೇ ಏಟಿಗೆ ಹೋಗುತ್ತದೆ. ಸದ್ದು, ಕಂಪನ, ಅಕ್ಷರ ಮೂರೂ ಒಟ್ಟಿಗೆ ಬರುವುದರಿಂದ ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ಏನಾದರೊಂದು ದಕ್ಕುತ್ತದೆ ಎಂಬುದು ಲೆಕ್ಕಾಚಾರ.

ಹಗಲಿಗೆ ಈ ಲೆಕ್ಕ ಸರಿಯೇ. ಆದರೆ 2024ರ ಜುಲೈ 30ರಂದು ವಯನಾಡಿನ ಗುಡ್ಡ ಜರಿದದ್ದು ನಡುರಾತ್ರಿ ದಾಟಿದ ಮೇಲೆ. ಅಂಥ ಹೊತ್ತಿನಲ್ಲಿ ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿದ ಫೋನು ಎಷ್ಟೇ ನಡುಗಿದರೂ ಒಳಕೋಣೆಯಲ್ಲಿ ಮಲಗಿದ, ಕಿವಿ ಕೇಳದವರು ಏಳುವುದಿಲ್ಲ. ದಿಂಬಿನಡಿ ಇಟ್ಟು ಹಾಸಿಗೆಯನ್ನೇ ಅಲುಗಿಸುವ ಪುಟ್ಟ ಯಂತ್ರಗಳಿವೆ. ನಮ್ಮಲ್ಲಿ ಅವನ್ನು ಕಂಡವರೇ ಕಡಿಮೆ.

ಕಣ್ಣು ಕಾಣದವರ ಪಾಡು ಬೇರೆ. ಮಳೆಗಾಲದಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಆದೇಶಗಳನ್ನು ನೋಡಿ: ಸಹಿ, ಮೊಹರು ಸಮೇತ ಫೋಟೋ ತೆಗೆದ ಕಾಗದ. ಹವಾಮಾನ ಇಲಾಖೆಯದ್ದೋ ಹಳದಿ, ಕಿತ್ತಳೆ, ಕೆಂಪು ಬಳಿದ ನಕ್ಷೆ. ಅಕ್ಷರಗಳನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇಂಥವುಗಳ ಮೇಲೆ ಬೆರಳಿಟ್ಟರೆ ಸಾಮಾನ್ಯವಾಗಿ ‘ಫೋಟೋ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಯಾವ ಊರು, ಎಷ್ಟು ಗಂಟೆಯೊಳಗೆ, ಯಾವ ಕಾಳಜಿ ಕೇಂದ್ರಕ್ಕೆ ಎಂದು ಕೆಳಗೆ ನಾಲ್ಕು ಸಾಲು ಟೈಪ್ ಮಾಡಿದರೆ ಸಾಕು. ಗ್ರಹಿಕೆ ನಿಧಾನವಿರುವವರಿಗೂ ಅದರಿಂದ ಅನುಕೂಲ. ‘ಸೂಕ್ತ ಮುಂಜಾಗ್ರತೆ ವಹಿಸತಕ್ಕದ್ದು’ ಎಂಬ ಕಚೇರಿ ಕನ್ನಡದಿಂದ ಹೊರಡುವುದೋ ಕೂರುವುದೋ ಯಾರಿಗೂ ತಿಳಿಯುವುದಿಲ್ಲ ಬಿಡಿ.

ಜಪಾನ್ ಈ ಪಾಠ ಕಲಿತದ್ದು ದುಬಾರಿ ಬೆಲೆ ತೆತ್ತು. 2011ರ ಸುನಾಮಿಯಲ್ಲಿ ಅಲ್ಲಿನ ಅಂಗವಿಕಲರ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟಿತ್ತು. 2020ರಲ್ಲಿ ಅಲ್ಲಿನ ಹವಾಮಾನ ಸಂಸ್ಥೆ ಸುನಾಮಿ ಬಾವುಟವನ್ನು ಜಾರಿಗೆ ತಂದಿತು. ಕೆಂಪು–ಬಿಳಿ ಚೌಕಳಿಯ ಬಟ್ಟೆ, ಅಷ್ಟೇ. ದಡದಲ್ಲಿ ಅದನ್ನು ಬೀಸಿದರೆ ಕಿವಿ ಕೇಳದ ಈಜುಗಾರನಿಗೂ ತಿಳಿಯುತ್ತದೆ; ಅಲೆಯ ಮೊರೆತದಲ್ಲಿ ಸೈರನ್ ಕೇಳಿಸದ ಉಳಿದವರಿಗೂ.

ತೋರಿಕೆಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾ ಸಾಕ್ಷಿ. 2017ರಲ್ಲಿ ಇರ್ಮಾ ಚಂಡಮಾರುತ ಬರುವ ಮುನ್ನ ಮ್ಯಾನಟಿ ಕೌಂಟಿಯ ಅಧಿಕಾರಿಗಳ ಪಕ್ಕ ಸನ್ನೆ ಭಾಷೆಯಲ್ಲಿ ಹೇಳಲು ನಿಲ್ಲಿಸಿದ್ದು ಅದರಲ್ಲಿ ಪಳಗದ ನೌಕರನನ್ನು. ಊರು ಬಿಡಬೇಕೆಂಬ ಸೂಚನೆಯ ನಡುವೆ ಆತನ ಕೈಯಲ್ಲಿ ‘ಪಿಜ್ಜಾ’, ‘ರಾಕ್ಷಸ’ ಮೂಡಿದವು ಎಂದು ನೋಡಿದವರು ಕಿಡಿಕಾರಿದರು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡು, ಅಪಾಯವಿದ್ದಾಗ ಅವರಿಗೆ ತಿಳಿಸಲೇಬೇಕು. 2011ರ ಜನಗಣತಿಯಂತೆ ರಾಜ್ಯದಲ್ಲಿ ಅವರ ಸಂಖ್ಯೆ 13.24 ಲಕ್ಷ. ಇಷ್ಟು ಮನೆಗಳ ಕದ ತಟ್ಟುವವರು ಯಾರು ಎನ್ನಬಹುದು. ಅದಕ್ಕೂ ಜನ ಇದ್ದಾರೆ: ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಊರವರ ಬಾಯಲ್ಲಿ ವಿಆರ್‌ಡಬ್ಲ್ಯು. ಗೌರವಧನಕ್ಕೆ ದುಡಿಯುವ ಇವರು ಸಾಮಾನ್ಯವಾಗಿ ತಾವೇ ಅಂಗವಿಕಲರು. ಯಾವ ಮನೆಯಲ್ಲಿ ಯಾರಿಗೆ ಗಾಲಿಕುರ್ಚಿ ಬೇಕು, ಯಾರನ್ನು ಎತ್ತಿಕೊಂಡೇ ಹೊರತರಬೇಕು ಎಂಬುದು ಇವರಿಗೆ ಬಾಯಿಪಾಠ. ಮಳೆಗಾಲಕ್ಕೆ ಮುಂಚಿನ ತಾಲ್ಲೂಕು ಸಭೆಯಲ್ಲಿ ಇವರಿಗೂ ಒಂದು ಕುರ್ಚಿ ಹಾಕಿಸಲು, ರಾತ್ರಿ ಫೋನ್ ಮಾಡಬೇಕಾದವರ ಪಟ್ಟಿಯಲ್ಲಿ ಇವರ ನಂಬರನ್ನೂ ಬರೆದಿಡಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.