ವೇಗಗಾಮಿ ರೈಲೂ ವಾಯುವಿನ ಪ್ರತಿರೋಧವೂ

ಬೆಂಗಳೂರಿನ ಹುಳಿಮಾವಿನ ಮೂಲಕ ಸಾಗುವ ಮೆಟ್ರೋ ಮಾರ್ಗಕ್ಕೆ ಗಾಡಿಗಳನ್ನು ನಿರ್ಮಿಸುವ ಹೊಣೆಯನ್ನು ಹೊತ್ತ ಬಿಇಎಂಎಲ್ ಸಂಸ್ಥೆಗೆ, ಗಂಟೆಗೆ 280 ಕಿಲೋಮೀಟರು ವೇಗಕ್ಕೆ ತಕ್ಕ ಎರಡು ರೈಲುಗಳ ರಚನೆಯೂ 2024ರ ಅಕ್ಟೋಬರಿನಲ್ಲಿ ವಹಿಸಲ್ಪಟ್ಟಿತು. ಊರೊಳಗಣ ಗಾಡಿಗೆ ಅಷ್ಟಾಗಿ ತಡೆಯೆನಿಸದ ಗಾಳಿಯು ಈ ವೇಗದಲ್ಲಿ ಪ್ರಬಲ ವಿರೋಧಿಯಾಗುವುದು. ಅದರ ಕಾರಣವನ್ನು ವಿಚಾರಿಸೋಣ.

ಹಳಿಯ ಮೇಲೆ ಉರುಳುವ ಗಾಲಿಗಳ ಘರ್ಷಣೆಯು ವೇಗದೊಡನೆ ಹೆಚ್ಚಾಗಿ ಬೆಳೆಯದು. ವಾಯುವಿನ ಪ್ರತಿರೋಧವಾದರೋ ವೇಗದ ವರ್ಗವನ್ನು ಅನುಸರಿಸುವುದು. ಒಂದೇ ಗಾಡಿಯು 80 ಕಿಲೋಮೀಟರಿನಿಂದ 280 ಕಿಲೋಮೀಟರಿಗೆ ಏರಿದರೆ ವೇಗವು ಮೂರೂವರೆ ಪಟ್ಟು, ಪ್ರತಿರೋಧವು 12 ಪಟ್ಟಿಗೂ ಮಿಗಿಲು. ಅದನ್ನೆದುರಿಸಲು ಪ್ರತಿಕ್ಷಣವೂ ವ್ಯಯವಾಗುವ ಶಕ್ತಿಯು ಸುಮಾರು 43 ಪಟ್ಟು.

ಮೂತಿಯನ್ನು ಚೂಪುಗೊಳಿಸಿದರೆ ಸಾಕೆಂಬ ಭಾವನೆಯುಂಟು, ಅದು ಅರ್ಧಸತ್ಯ. ರೈಲು ಬಹು ನೀಳವಾದ ವಸ್ತು. ಗಾಳಿಯು ಅದರ ಪಕ್ಕಗಳನ್ನು ಉದ್ದಕ್ಕೂ ಉಜ್ಜುವುದು. ಡಬ್ಬಿಗಳ ನಡುವಣ ಸಂದುಗಳಲ್ಲಿಯೂ, ಗಾಲಿಗಳ ಚೌಕಟ್ಟಿನಲ್ಲಿಯೂ, ಛಾವಣಿಯ ಪ್ಯಾಂಟೋಗ್ರಾಫಿನಲ್ಲಿಯೂ ತಡೆಗೊಂಡು ಸುಳಿಯಾಗುವುದು. ಬಾಲದ ಹಿಂದೆ ಒತ್ತಡವು ಕುಗ್ಗಿ ಗಾಡಿಯನ್ನು ಹಿಂದಕ್ಕೆಳೆಯುವುದು. ಜಪಾನಿನಲ್ಲಿ 1997ರಲ್ಲಿ ಸಂಚಾರಕ್ಕೆ ಬಂದ 500ನೆಯ ಶ್ರೇಣಿಯ ಶಿಂಕಾನ್‌ಸೆನ್ ರೈಲಿಗೆ ಮಿಂಚುಳ್ಳಿಯ ಕೊಕ್ಕಿನಂತಹ ನೀಳ ಮೂತಿಯನ್ನಿತ್ತುದೂ ಮುಖ್ಯವಾಗಿ ಸುರಂಗದ ಬಾಯಲ್ಲಿ ಏಳುವ ಸ್ಫೋಟದಂತಹ ಸದ್ದನ್ನು ಅಡಗಿಸಲೆಂದೇ.

ಆದುದರಿಂದ ಸಂದುಗಳನ್ನು ಮುಚ್ಚುವುದು, ಗಾಲಿಗಳ ಸುತ್ತ ತಗಡಿನ ಹೊದಿಕೆಯನ್ನಿಡುವುದು, ತಳವನ್ನು ನಯಗೊಳಿಸುವುದು, ಛಾವಣಿಯ ಉಪಕರಣಗಳನ್ನು ಒಳಗೆ ಹುದುಗಿಸುವುದು, ಇವೆಲ್ಲವೂ ಮೂತಿಯಷ್ಟೇ ಅವಶ್ಯಕ. ಇವನ್ನು ಅಲಕ್ಷಿಸಿದರೆ ವೇಗವೇನೋ ದೊರೆಯಬಹುದು. ಅದರ ಬೆಲೆಯನ್ನು ಮಾತ್ರ ಗಾಡಿಯು ಓಡುವಷ್ಟು ಕಾಲವೂ ವಿದ್ಯುತ್ತಿನ ರೂಪದಲ್ಲಿ ತೆರುತ್ತಿರಬೇಕಾಗುವುದು.