ವಾಲ್ವ್ ಬಾಡಿ ಬದಲಿಸುವ ಮುನ್ನ ಬಿಚ್ಚಿ ನೋಡಿ

‘ವಾಲ್ವ್ ಬಾಡಿ ಹೋಗಿದೆ ಸರ್, ಹೊಸದೇ ಹಾಕ್ಬೇಕು.’ ಆಟೊಮ್ಯಾಟಿಕ್ ಕಾರು ಗೇರ್ ಬದಲಿಸುವಾಗ ಜರ್ಕ್ ಹೊಡೆಯಲು ಶುರುವಾದರೆ ಮಾಲೀಕರ ಕಿವಿಗೆ ಬೀಳುವ ಮಾತು ಬಹಳ ಸಲ ಇದೇ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮಾತು ನಿಜವೂ ಇರಬಹುದು. ಆದರೆ ಆ ಭಾಗವನ್ನು ಬಿಚ್ಚಿ, ತೊಳೆದು, ಅಳೆದು ನೋಡದೆ ಹೇಳಿದ್ದಾದರೆ ಒಪ್ಪಬಾರದು.

1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಜನರಲ್ ಮೋಟಾರ್ಸ್ ‘ಹೈಡ್ರಾಮ್ಯಾಟಿಕ್’ ಗೇರ್‌ಬಾಕ್ಸ್ ಕೊಟ್ಟಿತು. ಅಲ್ಲಿಂದ ಬಿಡದಿಯಲ್ಲಿ ತಯಾರಾದ ಇನ್ನೋವಾ ಕ್ರಿಸ್ಟಾದ 6 ಗೇರಿನ ಆಟೊಮ್ಯಾಟಿಕ್‌ವರೆಗೆ ತತ್ವ ಒಂದೇ: ಗೇರ್ ಬೀಳುವುದು ಎಣ್ಣೆಯ ಒತ್ತಡದಿಂದ. ಪಂಪ್ ಕಳಿಸಿದ ಎಣ್ಣೆ ಯಾವ ಕ್ಲಚ್‌ಗೆ, ಯಾವಾಗ, ಎಷ್ಟು ಬಿರುಸಾಗಿ ಹೋಗಬೇಕೆಂದು ಹಂಚುವುದು ವಾಲ್ವ್ ಬಾಡಿ. ನೋಡಲು ಅಲ್ಯುಮಿನಿಯಂ ಎರಕದ ತುಂಡು. ಒಳಗೆ ಗೆದ್ದಲು ಕೊರೆದ ಮರದಂತೆ ಸುತ್ತುಬಳಸಿನ ದಾರಿಗಳು, ಬೋರುಗಳಲ್ಲಿ ಜಾರಾಡುವ ಸ್ಪೂಲ್ ವಾಲ್ವ್‌ಗಳು, ಸ್ಪ್ರಿಂಗ್‌ಗಳು, ಪುಟ್ಟ ಚೆಕ್ ಬಾಲ್‌ಗಳು. ಸ್ಪೂಲ್‌ಗೂ ಬೋರಿಗೂ ನಡುವಿನ ಸಂದು ಕೂದಲೆಳೆಗಿಂತ ಕಡಿಮೆ. ಅಲ್ಲೊಂದು ಕಣ ಸಿಕ್ಕಿಕೊಂಡರೂ ಗೇರ್ ತಡವಾಗುತ್ತದೆ, ಇಲ್ಲವೇ ಗುದ್ದಿದಂತೆ ಬೀಳುತ್ತದೆ. (ಎಎಂಟಿ ಕಾರುಗಳಿಗೆ ಈ ಮಾತು ಅನ್ವಯಿಸದು. ಅವುಗಳಲ್ಲಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಮಾತ್ರ ಯಂತ್ರದ್ದು.)

ಸ್ಪ್ಯಾನರ್ ಹಿಡಿಯುವ ಮೊದಲು ಸ್ಕ್ಯಾನರ್ ಹಾಕಿ ಕೋಡ್ ಓದಬೇಕು, ಕಂಪನಿ ಹೇಳಿದ ಬಿಸಿಯಲ್ಲಿ ಎಣ್ಣೆಯ ಮಟ್ಟ ನೋಡಬೇಕು, ಗೇಜ್ ಕಟ್ಟಿ ಒತ್ತಡ ಅಳೆಯಬೇಕು. ಎಣ್ಣೆ ಕಡಿಮೆಯಾದರೂ ಇದೇ ಲಕ್ಷಣಗಳು ಕಾಣುತ್ತವೆ. ಆಮೇಲೆ ಅಡಿಯ ಪ್ಯಾನ್ ಬಿಚ್ಚಬೇಕು. ಅಲ್ಲಿನ ಆಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಸುಟ್ಟ ವಾಸನೆ, ಕಪ್ಪು ಚೂರು, ಕೈಗೆ ಚುಚ್ಚುವ ಲೋಹದ ಸಿಬರು ಕಂಡರೆ ರೋಗ ಬೇರೆಡೆ ಇದೆ. ಬಹುಪಾಲು ಜನ ಎಡವುವುದು ಇಲ್ಲೇ. ವಾಲ್ವ್ ಬಾಡಿಯಲ್ಲಿ ಸಿಕ್ಕ ಕೊಳೆ ಅಲ್ಲೇ ಹುಟ್ಟಿದ್ದಾಗಿರಬೇಕಿಲ್ಲ. ಕ್ಲಚ್ ಪ್ಲೇಟ್ ಸುಟ್ಟೋ, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಸವೆದೋ ಬಂದಿರಬಹುದು. ಅದನ್ನು ಪತ್ತೆಹಚ್ಚದೆ ಹೊಸ ವಾಲ್ವ್ ಬಾಡಿ ಹಾಕಿದರೆ ಅದಕ್ಕೂ ಅದೇ ಗತಿ.

ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸ್ ಇಳಿಸದೆಯೇ ವಾಲ್ವ್ ಬಾಡಿ ಹೊರಬರುತ್ತದೆ. ಬೋಲ್ಟ್‌ಗಳ ಉದ್ದ ಬೇರೆಬೇರೆ, ಸ್ಪ್ರಿಂಗ್‌ಗಳ ಬಿಗಿ ಬೇರೆಬೇರೆ. ಹೆಜ್ಜೆಹೆಜ್ಜೆಗೂ ಫೋಟೊ ತೆಗೆದು, ಕಳಚಿದ್ದನ್ನು ಅದೇ ಕ್ರಮದಲ್ಲಿ ತಟ್ಟೆಯಲ್ಲಿ ಜೋಡಿಸಬೇಕು. ಎರಡು ಹೋಳುಗಳ ನಡುವಿನ ತೆಳು ಉಕ್ಕಿನ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಬೇಕು: ಚೆಕ್ ಬಾಲ್ ಬಡಿದೂ ಬಡಿದೂ ತೂತಿನ ಅಂಚು ಹಿಗ್ಗಿದ್ದರೆ ಪ್ಲೇಟ್ ಬದಲಿಸಿದರೆ ಸಾಕಾಗಬಹುದು. ತೊಳೆಯಲು ಶುದ್ಧ ಸಾಲ್ವೆಂಟ್, ಮೃದು ಬ್ರಷ್, ಒಣಗಿಸಲು ಗಾಳಿ. ಬನಿಯನ್ ಬಟ್ಟೆಯಿಂದ ಒರೆಸುವುದು ಗ್ಯಾರೇಜಿನಲ್ಲಿ ಕೈಗಂಟಿದ ಅಭ್ಯಾಸ. ಇಲ್ಲಿ ಬೇಡವೇ ಬೇಡ, ಒಂದು ನೂಲೆಳೆ ಉಳಿದರೂ ಸ್ಪೂಲ್ ಸಿಕ್ಕಿಹಾಕಿಕೊಳ್ಳುತ್ತದೆ. ಎಮರಿ ಪೇಪರ್ ಹಾಕಿ ಉಜ್ಜುವುದೂ ತಪ್ಪು. ಸ್ಪೂಲಿನ ಅಂಚು ಚೂಪಾಗಿದ್ದರೇನೇ ಅದು ಕೊಳೆಯನ್ನು ಸಂದಿಗೆ ಬಿಡದೆ ತಳ್ಳುತ್ತದೆ.

ತೊಳೆದ ಸ್ಪೂಲಿಗೆ ಆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದೇ ಎಣ್ಣೆ ಸವರಿ, ಸ್ಪ್ರಿಂಗ್ ಇಲ್ಲದೆ ಬೋರಿನೊಳಗೆ ಬಿಡಿ. ತನ್ನ ಭಾರಕ್ಕೆ ತಾನೇ ಸರಾಗ ಜಾರಿದರೆ ಅದು ಸಿಕ್ಕಿಕೊಂಡಿಲ್ಲ. ಜಾರಿತು ಎಂದಮಾತ್ರಕ್ಕೆ ಬೋರು ಚೆನ್ನಾಗಿದೆ ಎಂದಲ್ಲ. ಒತ್ತಡ ನಿಯಂತ್ರಿಸುವ ವಾಲ್ವ್ ಎಡೆಬಿಡದೆ ಅದುರುತ್ತಲೇ ಇರುವುದರಿಂದ ಮೆತ್ತನೆಯ ಅಲ್ಯುಮಿನಿಯಂ ಬೋರು ಸವೆದು ಎಣ್ಣೆ ಸೋರುತ್ತದೆ. ಟಾರ್ಕ್ ಕನ್ವರ್ಟರ್ ಲಾಕ್ ಆಗುತ್ತಿಲ್ಲವೆನ್ನುವ ಪಿ0741 ಕೋಡ್‌ನ ಹಿಂದೆ ಇಂಥ ಸವೆತವೂ ಇರಬಹುದು. ಈ ಸವೆತವನ್ನು ಹಿಡಿಯಲು, ಬೋರಿನಿಂದ ಗಾಳಿ ಹೀರಿ ಸೋರಿಕೆ ಅಳೆಯುವ ವ್ಯಾಕ್ಯೂಮ್ ಪರೀಕ್ಷೆ ಬೇಕು. ಸವೆದ ಬೋರನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಅಮೆರಿಕದ ಸೋನ್ಯಾಕ್ಸ್‌ನಂಥ ಕಂಪನಿಗಳು ಬೋರು ಕೊರೆದು ದೊಡ್ಡಮಾಡಿ ದಪ್ಪ ವಾಲ್ವ್ ಕೂರಿಸುವ ಕಿಟ್‌ಗಳನ್ನು ಮಾರುತ್ತವೆ. ಅದು ಸಿಗದ ಕಡೆ ಬದಲಿಸುವುದೇ ಸರಿ, ಆ ಖರ್ಚಿಗೆ ಅರ್ಥವಿದೆ.

ವಾಲ್ವ್ ಬಾಡಿಯಲ್ಲಿ ಎಣ್ಣೆಯ ಹರಿವನ್ನು ವಿದ್ಯುತ್ತಿನಿಂದ ನಿಯಂತ್ರಿಸುವ ಸೊಲೆನಾಯ್ಡ್‌ಗಳನ್ನು ಸಾಲ್ವೆಂಟಿನಲ್ಲಿ ನೆನೆಹಾಕಬಾರದು. ಮಲ್ಟಿಮೀಟರಿನಲ್ಲಿ ಓಮ್ ಅಳೆದು ಆ ಮಾದರಿಯ ಮ್ಯಾನುಯಲ್ ಜತೆ ಹೋಲಿಸಬೇಕು. ಆನ್–ಆಫ್ ಬಗೆಯದಾದರೆ ಬ್ಯಾಟರಿ ಕೊಟ್ಟಾಗ ‘ಟಿಕ್’ ಎನ್ನಬೇಕು. ಒತ್ತಡ ಏರಿಳಿಸುವ ಲೀನಿಯರ್ ಸೊಲೆನಾಯ್ಡ್‌ಗೆ ನೇರ ಬ್ಯಾಟರಿ ಕೊಟ್ಟರೆ ಸುಟ್ಟುಹೋದೀತು. ಟೊಯೊಟಾ ಮ್ಯಾನುಯಲ್‌ಗಳು ನಡುವೆ 21 ವ್ಯಾಟ್ ಬಲ್ಬ್ ಸೇರಿಸಿ ಪರೀಕ್ಷಿಸಲು ಹೇಳುತ್ತವೆ.

ಮತ್ತೆ ಕೂಡಿಸುವಾಗ ಟಾರ್ಕ್ ರೆಂಚ್ ಬಿಟ್ಟು ಕೈಅಂದಾಜಿಗೆ ಹೋಗಬಾರದು, ಹೆಚ್ಚು ಬಿಗಿದರೆ ಬಾಡಿ ಸೊಟ್ಟಗಾಗಿ ವಾಲ್ವ್‌ಗಳು ಹಿಡಿಯುತ್ತವೆ. ಹೊಸ ಫಿಲ್ಟರ್, ಕಂಪನಿ ಹೇಳಿದ ದರ್ಜೆಯದೇ ಎಣ್ಣೆ, ಆಮೇಲೆ ಸ್ಕ್ಯಾನರಿನಲ್ಲಿ ಅಡಾಪ್ಟೇಶನ್ ರೀಸೆಟ್, ಅಂದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಕಲಿತಿಟ್ಟ ಹಳೆಯ ಲೆಕ್ಕವನ್ನು ಅಳಿಸುವುದು. ಕ್ಲಚ್ಚಿನ ಚೂರು ಕಂಡಿದ್ದರೆ, ಹಳೆಯ ವಾಲ್ವ್ ಬಾಡಿಯೇ ಉಳಿಯಲಿ ಹೊಸದೇ ಬರಲಿ, ಆಯಿಲ್ ಕೂಲರ್ ಮತ್ತು ಅದರ ಪೈಪುಗಳನ್ನು ತೊಳೆಸಿದ ಮೇಲೆಯೇ ಕಾರನ್ನು ರಸ್ತೆಗಿಳಿಸಬೇಕು.